ಮೀಟರ್‌ನಲ್ಲಿ 60 ಓಮ್, ಮೆಷಿನ್ ಮಾತ್ರ ಕೈಕೊಡುತ್ತಲೇ ಇತ್ತು: ಒಂದು ಎಕ್ಸ್‌ಕವೇಟರ್ ಪ್ರಕರಣ

ಇದು ಸುಮಾರು 20 ಟನ್ ತೂಕದ ಒಂದು ಕ್ರಾಲರ್ ಎಕ್ಸ್‌ಕವೇಟರ್‌ನ ಪ್ರಕರಣ. ಯಾವ ಕಂಪನಿಯದು, ಯಾರದು, ಎಲ್ಲಿ ಕೆಲಸ ಮಾಡುತ್ತಿತ್ತು ಅನ್ನುವುದನ್ನು ಬೇಕೆಂದೇ ಬಿಟ್ಟಿದ್ದೇವೆ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಾಗಿವೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ.

ದೂರು ಹೀಗಿತ್ತು. ಬೆಳಿಗ್ಗೆ ಮೆಷಿನ್ ಚೆನ್ನಾಗಿ ನಡೆಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅದರಲ್ಲೂ ಕಲ್ಲುಮಣ್ಣಿನ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿಸುವಾಗ, ಮಾನಿಟರ್ ಮೇಲೆ ಕೆಂಪು ಎಚ್ಚರಿಕೆ ಬರುತ್ತದೆ. ಎಂಜಿನ್ ತಾನಾಗಿಯೇ ಐಡ್ಲಿಂಗ್‌ಗೆ ಇಳಿಯುತ್ತದೆ. ಥ್ರಾಟಲ್ ಡಯಲ್ ಎಷ್ಟು ತಿರುಗಿಸಿದರೂ ಏರುವುದಿಲ್ಲ. ಬೂಮ್, ಆರ್ಮ್ ಎಲ್ಲ ಆಮೆವೇಗ. ಕೀ ಆಫ್ ಮಾಡಿ, ಸ್ವಲ್ಪ ಕಾದು ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಕೆಲಸ ಶುರು. ಕೆಲವು ದಿನ ಒಂದು ಸಲವೂ ಆಗುವುದಿಲ್ಲ, ಕೆಲವು ದಿನ ಪದೇ ಪದೇ. ಮೆಕ್ಯಾನಿಕ್ ಬಂದು ನಿಂತಾಗಂತೂ ಆಗುವುದೇ ಇಲ್ಲ. ಈ ಕೊನೆಯದು ನಿಮಗೂ ಗೊತ್ತಿರುವ ವಿಷಯ, ಅಲ್ವಾ?

ಒಳಗೆ ಯಾರು ಯಾರ ಜೊತೆ ಮಾತಾಡುತ್ತಾರೆ

ಮುಂದಿನದು ಅರ್ಥವಾಗಬೇಕಾದರೆ ಇಷ್ಟು ಗೊತ್ತಿದ್ದರೆ ಸಾಕು. ಈ ಮೆಷಿನ್‌ನಲ್ಲಿ ಮೂರು ಮುಖ್ಯ ಕಂಟ್ರೋಲರ್‌ಗಳಿವೆ. ಕ್ಯಾಬಿನ್ ಮುಂದೆ ಮಾನಿಟರ್. ಸೀಟಿನ ಹಿಂದೆ ಮೆಷಿನ್ ಕಂಟ್ರೋಲರ್; ಪಂಪು, ವಾಲ್ವುಗಳೆಲ್ಲ ಇದರ ಕೈಯಲ್ಲಿ. ಎಂಜಿನ್ ಮೇಲೆ ಎಂಜಿನ್ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಥ್ರಾಟಲ್ ಡಯಲ್‌ನಿಂದ ಎಂಜಿನ್‌ಗೆ ನೇರ ವೈರ್ ಇಲ್ಲ. ಡಯಲ್ ಎಲ್ಲಿದೆ ಅನ್ನುವುದನ್ನು ಮೆಷಿನ್ ಕಂಟ್ರೋಲರ್ ಓದಿಕೊಂಡು, ಎಂಜಿನ್‌ಗೆ ಎಷ್ಟು ವೇಗ ಬೇಕು ಅಂತ ಕ್ಯಾನ್ ಬಸ್ (ಕಂಟ್ರೋಲರ್‌ಗಳು ಮಾತಾಡಿಕೊಳ್ಳುವ ವೈರ್ ಜೋಡಿ) ಮೇಲೆ ಕಳಿಸುತ್ತದೆ. ಆ ಸಂದೇಶ ನಿಂತರೆ ಎಂಜಿನ್ ಸುರಕ್ಷತೆಗಾಗಿ ಐಡ್ಲಿಂಗ್‌ಗೆ ಇಳಿಯುತ್ತದೆ. ಅಂದರೆ ಎಂಜಿನ್ ಇಳಿದದ್ದು ರೋಗವಲ್ಲ, ಸಂದೇಶ ಬಾರದಿದ್ದಾಗ ಅದು ಮಾಡಬೇಕಾದ ಕೆಲಸವನ್ನೇ ಮಾಡಿತ್ತು.

ಈ ಮಾತುಕತೆ ಎರಡೇ ವೈರ್ ಮೇಲೆ ನಡೆಯುತ್ತದೆ: ಕ್ಯಾನ್ ಹೈ, ಕ್ಯಾನ್ ಲೋ. ಭಾರೀ ಯಂತ್ರಗಳಲ್ಲಿ ಜಾಸ್ತಿ ಕಾಣುವ ಜೆ1939 ಪದ್ಧತಿಯಲ್ಲಿ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 2,50,000 ಬಿಟ್. ಸುಮ್ಮನಿರುವಾಗ ಎರಡೂ ವೈರ್ 2.5 ವೋಲ್ಟ್ ಹತ್ತಿರ ಇರುತ್ತವೆ. ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳಿಸಿಕೊಳ್ಳುವ ಕಂಟ್ರೋಲರ್ ನೋಡುವುದು ಇವೆರಡರ ನಡುವಿನ ಅಂತರವನ್ನು ಮಾತ್ರ. ಬಸ್‌ನ ಎರಡು ತುದಿಗಳಲ್ಲಿ ತಲಾ 120 ಓಮ್‌ನ ಟರ್ಮಿನೇಟರ್, ಅಂದರೆ ತುದಿಗೆ ಹಾಕುವ ರೆಸಿಸ್ಟರ್, ಇರಬೇಕು. ಖಾಲಿ ಕೋಣೆಯಲ್ಲಿ ಧ್ವನಿ ಗೋಡೆಗೆ ಬಡಿದು ಹಿಂದೆ ಬರುವ ಹಾಗೆ ಸಿಗ್ನಲ್ ತುದಿಗೆ ಹೋಗಿ ವಾಪಸ್ ಬಾರದಿರಲಿ ಅಂತ ಈ ಏರ್ಪಾಡು. ಎರಡು 120 ಪ್ಯಾರಲಲ್‌ನಲ್ಲಿ ಇದ್ದರೆ ಮೀಟರ್ 60 ತೋರಿಸುತ್ತದೆ. ಅದಕ್ಕೇ ನಮ್ಮ ಕೆಲಸದಲ್ಲಿ 60 ಅಂದರೆ ‘ವೈರಿಂಗ್ ಓಕೆ’ ಅನ್ನುವ ರೂಢಿ ಬೆಳೆದಿದೆ.

ನಮಗಿಂತ ಮುಂಚೆ ಆಗಿದ್ದು

ಮೊದಲು ಥ್ರಾಟಲ್ ಡಯಲ್ ಬದಲಾಯಿತು. ಎಂಜಿನ್ ಏರುತ್ತಿಲ್ಲ, ಹಾಗಾಗಿ ಡಯಲ್ ಕೆಟ್ಟಿದೆ ಅನ್ನುವ ಲೆಕ್ಕ. ಪ್ರಯೋಜನವಾಗಲಿಲ್ಲ. ಆಮೇಲೆ ಮಾನಿಟರ್ ಬದಲಾಯಿತು, ಯಾಕೆಂದರೆ ಎಚ್ಚರಿಕೆ ಬರುತ್ತಿದ್ದದ್ದು ಅಲ್ಲೇ. ಅದೂ ವ್ಯರ್ಥ.

ಮುಂದೆ ಬಂದವರು ಸ್ವಲ್ಪ ಕ್ರಮವಾಗಿ ಹೋದರು. ಬ್ಯಾಟರಿ ಐಸೊಲೇಟರ್ (ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್) ಆಫ್ ಮಾಡಿ, ಕ್ಯಾಬಿನ್‌ನ 9 ಪಿನ್ ಡಯಾಗ್ನೋಸ್ಟಿಕ್ ಕನೆಕ್ಟರ್‌ನಲ್ಲಿ ಕ್ಯಾನ್ ಹೈ, ಲೋ ಬರುವ ಸಿ ಮತ್ತು ಡಿ ಪಿನ್‌ಗಳ ನಡುವೆ ಅಳೆದರು. 60 ಓಮ್ ಬಂತು. ವೈರಿಂಗ್ ಸರಿ ಇದೆ, ಎಂಜಿನ್ ಇಸಿಯು ಹೋಗಿದೆ ಅಂತ ಬರೆದರು. ಆ ಬರಹಕ್ಕೆ ಇನ್ನೊಂದು ಕಾರಣವೂ ಸೇರಿತ್ತು. ಸ್ವಲ್ಪ ಹಿಂದೆ ಬೂಮ್‌ನ ಬಿರುಕಿಗೆ ವೆಲ್ಡಿಂಗ್ ಆಗಿತ್ತು. ಐಸೊಲೇಟರ್ ಆಫ್ ಮಾಡದೆ ವೆಲ್ಡ್ ಮಾಡಿದ್ದರಿಂದ ಇಸಿಯು ಸುಟ್ಟಿರಬೇಕು ಅನ್ನುವ ಮಾತು ಸೈಟ್ ತುಂಬ ಹರಡಿತ್ತು.

ಹೊಸ ಇಸಿಯು ತರಿಸುವ ಮುಂಚೆ ಅದೇ ಮಾದರಿಯ ಇನ್ನೊಂದು ಮೆಷಿನ್‌ನ ಇಸಿಯು ತಂದು ಹಾಕಿ ನೋಡಿದರು. ಹೊಗೆ ಸ್ವಲ್ಪ ಜಾಸ್ತಿ ಬಂತು. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒಂದೊಂದು ಇಂಜೆಕ್ಟರ್‌ಗೂ ತನ್ನದೇ ಟ್ರಿಮ್ ಕೋಡ್ (ಇಂಧನದ ಅಳತೆ ಸರಿಹೊಂದಿಸುವ ಸಂಖ್ಯೆ) ಇರುತ್ತದೆ, ಅದನ್ನು ತುಂಬಿರಲಿಲ್ಲ. ಆದರೆ ಸಂವಹನದ ದೋಷ ಮಾಯ! ಕೆಲವು ದಿನ ಒಂದು ಸಲವೂ ಎಚ್ಚರಿಕೆ ಬರಲಿಲ್ಲ. ರೋಗ ಸಿಕ್ಕಿತು ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು. ಹೊಸ ಇಸಿಯುಗೆ ಆರ್ಡರ್ ಹೋಗುವ ಹೊತ್ತಿಗೆ ಅದೇ ಕೆಂಪು ಎಚ್ಚರಿಕೆ ಮತ್ತೆ ಬಂತು. ಆಗ ಮಾಲೀಕರು ಆರ್ಡರ್ ತಡೆಹಿಡಿದು ನಮ್ಮನ್ನು ಕರೆದರು.

ಆ ಕೆಲವು ದಿನಗಳ ನೆಮ್ಮದಿಯೇ ನನಗೆ ಮೊದಲ ಸುಳಿವು. ಇಸಿಯು ಬದಲಿಸುವಾಗ ಎಂಜಿನ್ ಕಡೆಯ ಹಾರ್ನೆಸ್ (ವೈರ್‌ಗಳ ಕಟ್ಟು) ಕಳಚಿ, ಎಳೆದಾಡಿ, ಮತ್ತೆ ಕೂರಿಸಿದ್ದರು. ವಾಸಿಯಾಗಿದ್ದು ಇಸಿಯುನಿಂದಲೋ, ಈ ಎಳೆದಾಟದಿಂದಲೋ? ಬಂದು ಹೋಗುವ ದೋಷವಿರುವಾಗ ಯಾವ ಭಾಗ ಬದಲಿಸಿದರೂ ಈ ಪ್ರಶ್ನೆ ಇದ್ದೇ ಇರುತ್ತದೆ. ಬಹಳ ಸಲ ಕೇಳುವವರು ಇರುವುದಿಲ್ಲ, ಅಷ್ಟೇ. ವೆಲ್ಡಿಂಗ್ ಕಥೆಯನ್ನು ನಾವು ಅಲ್ಲೇ ಬದಿಗಿಟ್ಟೆವು. ವೆಲ್ಡಿಂಗ್ ಕರೆಂಟ್‌ಗೆ ಸುಟ್ಟ ಚಿಪ್ ಕೀ ಆಫ್ ಆನ್ ಮಾಡಿದ ಕೂಡಲೇ ಜೀವಂತವಾಗುವುದಿಲ್ಲ. ಅದೂ ಅಲ್ಲದೆ ಇನ್ನೊಂದು ಮೆಷಿನ್‌ನ ಒಳ್ಳೆಯ ಇಸಿಯು ಹಾಕಿದಾಗಲೂ ದೋಷ ಬಂದಿತ್ತು.

ಆಪರೇಟರ್ ಕಂಡಿದ್ದು

ಫಾಲ್ಟ್ ಕೋಡ್ ಪಟ್ಟಿ ಉದ್ದಕ್ಕಿತ್ತು. ಅದನ್ನು ಒಂದೊಂದಾಗಿ ಅಟ್ಟಿಸಿಕೊಂಡು ಹೋಗುವ ಬದಲು ಯಾರು ಯಾರ ಮೇಲೆ ದೂರು ಹೇಳುತ್ತಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆದೆವು. ಎಂಜಿನ್ ವೇಗದ ಸಂದೇಶ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಅಂತ ಮೆಷಿನ್ ಕಂಟ್ರೋಲರ್ ಹೇಳುತ್ತಿತ್ತು: ಎಸ್‌ಪಿಎನ್ (ಯಾವುದರ ಮೇಲೆ ದೂರು) 190, ಎಫ್‌ಎಂಐ (ಎಂಥ ದೋಷ) 9. ಮಾನಿಟರ್ ಕೂಡ ಎಂಜಿನ್ ಕಾಣುತ್ತಿಲ್ಲ ಅನ್ನುತ್ತಿತ್ತು. ಎಂಜಿನ್ ಇಸಿಯು ಮೆಷಿನ್ ಕಂಟ್ರೋಲರ್ ಮೇಲೆ ದೂರು ಹೇಳುತ್ತಿತ್ತು. ಆದರೆ ಮಾನಿಟರ್ ಮತ್ತು ಮೆಷಿನ್ ಕಂಟ್ರೋಲರ್ ಒಬ್ಬರ ಮೇಲೊಬ್ಬರು ಒಂದೇ ಒಂದು ದೂರು ಕೊಟ್ಟಿರಲಿಲ್ಲ.

ಇದನ್ನು ಗಟ್ಟಿ ಮಾಡಿದ್ದು ಆಪರೇಟರ್. ಎಚ್ಚರಿಕೆ ಬರುವ ಗಳಿಗೆಯಲ್ಲಿ ಮಾನಿಟರ್ ಮೇಲೆ ಏನೇನು ಕಾಣುತ್ತದೆ ಅಂತ ಕೇಳಿದೆವು. ಅಷ್ಟು ದಿನ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ.

“ಸಾರ್, ನೀರಿನ ಟೆಂಪರೇಚರ್ ಗೀಟು ಗೀಟಾಗಿ ಹೋಗುತ್ತೆ. ಆಯಿಲ್ ಟೆಂಪರೇಚರ್ ಹಾಗೇ ಇರುತ್ತೆ. ಮೀಟರ್ ಅರ್ಧ ಕೆಟ್ಟಿದೆ ಅಂದ್ಕೊಂಡಿದ್ದೆ.”

ಎಂಜಿನ್ ನೀರಿನ ತಾಪಮಾನ ಮಾನಿಟರ್‌ಗೆ ಬರುವುದು ಎಂಜಿನ್ ಇಸಿಯುನಿಂದ. ಹೈಡ್ರಾಲಿಕ್ ಆಯಿಲ್‌ದು ಬರುವುದು ಮೆಷಿನ್ ಕಂಟ್ರೋಲರ್‌ನಿಂದ. ಒಂದು ಹೋಗಿ ಇನ್ನೊಂದು ಉಳಿದರೆ ಕ್ಯಾಬಿನ್ ಕಡೆಯ ಬಸ್ ಬದುಕಿದೆ, ಎಂಜಿನ್ ಕಡೆಯ ಕೊಂಡಿ ಮಾತ್ರ ಕಳಚಿದೆ ಅಂತ ಅರ್ಥ. ಹಾರ್ನೆಸ್ ಡ್ರಾಯಿಂಗ್ ತೆಗೆದು ನೋಡಿದರೆ ಎರಡು ಕಡೆಯ ನಡುವೆ ಇರುವುದು ಒಂದೇ ದೊಡ್ಡ ಕನೆಕ್ಟರ್: ಕ್ಯಾಬಿನ್ ಹಿಂದೆ, ಎಂಜಿನ್ ಕೋಣೆಯ ಗೋಡೆಯಲ್ಲಿ ಕೂತಿರುವ ಬಲ್ಕ್‌ಹೆಡ್ ಕನೆಕ್ಟರ್.

ಕೈ ತುರಿಸುವ ಹೊತ್ತು ಇದೇ. ಸುಮ್ನೆ ಹೋಗಿ ಆ ಕನೆಕ್ಟರ್ ಬಿಚ್ಚಿ, ಸ್ಪ್ರೇ ಹೊಡೆದು, ಮತ್ತೆ ಹಾಕಿಬಿಡೋಣ ಅನ್ನಿಸುತ್ತದೆ. ತಂಡದಲ್ಲಿ ಒಬ್ಬರು ಹಾಗೇ ಅಂದರು ಕೂಡ. ನಾವು ಮುಟ್ಟಲಿಲ್ಲ. ಬಿಚ್ಚಿ ಹಾಕಿದರೆ ಇಸಿಯು ಬದಲಿಸಿದಾಗ ಆದದ್ದೇ ಮತ್ತೆ ಆಗುತ್ತದೆ. ಕೆಲವು ದಿನ ಸರಿ ಇರುತ್ತದೆ, ಯಾಕೆ ಸರಿಯಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಮತ್ತೆ ಕೈಕೊಡುತ್ತದೆ. ಸಾಕ್ಷಿ ಸಿಗುವ ತನಕ ಆ ಕನೆಕ್ಟರ್ ಇದ್ದ ಹಾಗೇ ಇರಲಿ ಅಂತ ತೀರ್ಮಾನಿಸಿದೆವು. ಇಡೀ ಕೆಲಸದಲ್ಲಿ ಜಾಸ್ತಿ ಲಾಭ ತಂದ ತೀರ್ಮಾನ ಅದೇ.

60 ಎಲ್ಲಿಂದ ಬಂತು

ಆದರೆ ಒಂದು ತೊಡಕಿತ್ತು. ವೈರಿಂಗ್‌ನಲ್ಲೇ ದೋಷವಿದ್ದರೆ 60 ಓಮ್ ಹೇಗೆ ಬರುತ್ತದೆ? ನಾವೂ ಅಳೆದೆವು. ಕೀ ಆಫ್ ಮಾಡಿ, ಕಂಟ್ರೋಲರ್‌ಗಳು ನಿದ್ದೆಗೆ ಹೋಗುವ ತನಕ ಕಾದು, ಐಸೊಲೇಟರ್ ಆಫ್ ಮಾಡಿ ಅಳೆದೆವು. ಕರೆಂಟ್ ಇರುವಾಗ ಓಮ್ ಅಳೆದರೆ ಸಿಗುವುದು ಸುಳ್ಳು ಸಂಖ್ಯೆ, ಹಾಗಾಗಿ ಈ ಕಾಯುವಿಕೆ ಬೇಕೇ ಬೇಕು. 60 ಓಮ್. ಅಚ್ಚುಕಟ್ಟು.

ಸರಿಯಾದ ಸಂಖ್ಯೆ ಬಂದಾಗ ಅದನ್ನು ತಪ್ಪಿಸಿ ನೋಡುವುದು ನನ್ನ ಅಭ್ಯಾಸ. ಎಂಜಿನ್ ಕಡೆಯ ಟರ್ಮಿನೇಟರ್ ಹಾರ್ನೆಸ್ ತುದಿಯಲ್ಲಿ ಕ್ಯಾಪ್ ತರಹ ಸಿಕ್ಕಿಸಿರುವ ಸಣ್ಣ ಪ್ಲಗ್. ಅದನ್ನು ಕಿತ್ತರೆ ಕ್ಯಾಬಿನ್‌ನಲ್ಲಿ ಮೀಟರ್ 60ರಿಂದ 120ಕ್ಕೆ ಏರಬೇಕು. ಕಿತ್ತೆವು. ಮೀಟರ್ ಕದಲಲಿಲ್ಲ. 60 ಅಂದರೆ 60.

ಕ್ಯಾಪ್ ಕೈಯಲ್ಲೇ ಇತ್ತು. ಅದರ ರಬ್ಬರ್ ಸೀಲ್ ಇರಲೇ ಇಲ್ಲ. ಒಂದು ಪಿನ್ ಹಸಿರುಗಟ್ಟಿ, ಬುಡದಲ್ಲಿ ದಾರದಷ್ಟು ತೆಳುವಾಗಿತ್ತು. ಉಗುರು ತಾಗಿದ್ದಕ್ಕೇ ಮುರಿದು ಬಿತ್ತು. ಮೆಷಿನ್ ತೊಳೆಯುವಾಗ ಪ್ರೆಶರ್ ವಾಷರ್ ನೀರು ಒಳಗೆ ಹೋಗಿ ನಿಂತಿರಬೇಕು. ಮುರಿಯುವ ಮುಂಚೆ ಅಳೆದಿದ್ದೆವು, ಆಗಲೇ ಅದು ಓಪನ್ ಆಗಿತ್ತು, ಅಂದರೆ ಸಂಪರ್ಕ ಕಡಿದಿತ್ತು. ಅಂದರೆ ಈ ಟರ್ಮಿನೇಟರ್ ಸತ್ತು ಬಹಳ ಕಾಲವಾಗಿದೆ. ಹಾಗಿದ್ದರೆ ಮೀಟರ್ 120 ತೋರಿಸಬೇಕಿತ್ತು, 60 ಯಾಕೆ?

ಕ್ಯಾಬಿನ್ ಕಡೆಯ ಟರ್ಮಿನೇಟರ್ ತೆಗೆದೆವು. ಈಗ 120 ಬಂತು. ಡ್ರಾಯಿಂಗ್‌ನಲ್ಲಿ ಇಲ್ಲದ ಇನ್ನೊಂದು 120 ಓಮ್ ಎಲ್ಲೋ ಕೂತಿದೆ! ಬಲಗಡೆಯ ಪ್ಯಾನೆಲ್‌ಗಳನ್ನು ಬಿಚ್ಚುತ್ತಾ ಹೋದಾಗ ಅಂಗೈಯಷ್ಟು ದೊಡ್ಡ ಒಂದು ಕಪ್ಪು ಡಬ್ಬಿ ಸಿಕ್ಕಿತು. ಡೀಸೆಲ್ ಬಳಕೆ ಲೆಕ್ಕ ಇಡಲು ಮಾಲೀಕರು ಹೊರಗಿನಿಂದ ಹಾಕಿಸಿದ ಯೂನಿಟ್. ಬಸ್‌ನಿಂದ ವೈರ್ ಕವಲು ತೆಗೆದು ಜೋಡಿಸಿದ್ದರು. ಒಳಗೆ 120 ಓಮ್ ಟರ್ಮಿನೇಷನ್ ಸೇರಿಸಲು ಒಂದು ಜಂಪರ್ (ಸಣ್ಣ ಕೊಂಡಿ) ಇತ್ತು, ಅದು ಆನ್ ಆಗಿತ್ತು. ಡಬ್ಬಿಯ ಪ್ಲಗ್ ತೆಗೆದ ಕೂಡಲೇ ಮೀಟರ್ ಕಿಲೋ ಓಮ್‌ಗಳಿಗೆ ಹಾರಿತು. ಉಳಿದದ್ದು ಕಂಟ್ರೋಲರ್‌ಗಳ ಒಳಗಿನ ರೆಸಿಸ್ಟೆನ್ಸ್ ಮಾತ್ರ.

ಈಗ ಚಿತ್ರ ಸ್ಪಷ್ಟವಾಯಿತು. 60 ತೋರಿಸುತ್ತಿದ್ದ ಎರಡೂ 120 ಓಮ್‌ಗಳು ಕ್ಯಾಬಿನ್ ಕಡೆಯಲ್ಲೇ ಇದ್ದವು. ಎಂಜಿನ್‌ಗೆ ಹೋಗುವ ವೈರ್ ಪೂರ್ತಿ ಕತ್ತರಿಸಿ ಹಾಕಿದ್ದರೂ ಡಯಾಗ್ನೋಸ್ಟಿಕ್ ಕನೆಕ್ಟರ್‌ನಲ್ಲಿ 60 ಓಮ್ ಬರುತ್ತಿತ್ತು. ಇಸಿಯು ಹೋಗಿದೆ ಅಂತ ಬರೆದವರ ಅಳತೆ ತಪ್ಪಾಗಿರಲಿಲ್ಲ. ಆ ಅಳತೆ ಎಂಜಿನ್ ಕಡೆಗೆ ಹೋಗಿಯೇ ಇರಲಿಲ್ಲ, ಅಷ್ಟೇ.

ಇಲ್ಲಿ ಇನ್ನೊಂದು ಕವಲು ಬಂತು. ಟರ್ಮಿನೇಟರ್ ಸತ್ತಿದೆ, ಹೊಸದು ಹಾಕಿದರೆ ಮುಗಿಯಿತು ಅನ್ನಬಹುದಿತ್ತು. ಸೈಟ್ ಸೂಪರ್‌ವೈಸರ್‌ಗೂ ಅದೇ ಬೇಕಿತ್ತು, ಮೆಷಿನ್ ನಿಂತಿದ್ದರೆ ಅವರ ಕೆಲಸ ನಿಲ್ಲುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ. ಈ ವೇಗದಲ್ಲಿ ಒಂದು ಬಿಟ್‌ಗೆ 4 ಮೈಕ್ರೋಸೆಕೆಂಡ್ ಸಮಯವಿದೆ. ಇಷ್ಟು ಗಾತ್ರದ ಮೆಷಿನ್‌ನಲ್ಲಿ ತುದಿಯಿಂದ ವಾಪಸ್ ಬರುವ ಸಿಗ್ನಲ್ ಅದರ ಸಣ್ಣ ಪಾಲಿನಷ್ಟು ಹೊತ್ತಿನಲ್ಲೇ ಅಡಗಿಬಿಡುತ್ತದೆ. ಟರ್ಮಿನೇಟರ್ ತಪ್ಪು ಜಾಗದಲ್ಲಿದ್ದರೆ ಬಸ್ ದುರ್ಬಲವಾಗುತ್ತದೆ ನಿಜ. ಆದರೆ ಅದೊಂದೇ ಕಾರಣಕ್ಕೆ, ಅದೂ ಬಿಸಿಯಾದಾಗ, ಅಲುಗಾಡಿದಾಗ ಮಾತ್ರ ಎಂಜಿನ್ ಮಾಯವಾಗುವುದು ಲೆಕ್ಕಕ್ಕೆ ಕೂರುವುದಿಲ್ಲ.

ಆದರೂ ಹೊಸ ಟರ್ಮಿನೇಟರ್ ಹಾಕಿದೆವು, ಡೀಸೆಲ್ ಡಬ್ಬಿಯನ್ನು ಕಳಚಿಟ್ಟೆವು. ಉದ್ದೇಶ ಬೇರೆ. ಈಗ ಒಂದು 120 ಕ್ಯಾಬಿನ್‌ನಲ್ಲಿ, ಇನ್ನೊಂದು ಎಂಜಿನ್ ಹತ್ತಿರ. ನಡುವಿನ ವೈರ್ ಎಲ್ಲೇ ಬಿಟ್ಟುಕೊಂಡರೂ ಕ್ಯಾಬಿನ್‌ನಲ್ಲಿ 60 ಹೋಗಿ 120 ಬರುತ್ತದೆ. ಅಲ್ಲಿಯ ತನಕ ಕುರುಡಾಗಿದ್ದ ಅಳತೆಗೆ ಕಣ್ಣು ಬಂತು.

ಸಿಕ್ಕಿಬಿದ್ದ ಗಳಿಗೆ

ಬ್ಯಾಟರಿಯಲ್ಲಿ ನಡೆಯುವ ಆಸಿಲ್ಲೋಸ್ಕೋಪನ್ನು (ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಎರಡು ಕಡೆಗೂ ಜೋಡಿಸಿದೆವು: ಒಂದು ಜೋಡಿ ಪ್ರೋಬ್ ಕ್ಯಾಬಿನ್‌ನಲ್ಲಿ, ಇನ್ನೊಂದು ಇಸಿಯು ಹತ್ತಿರ. ಮೆಷಿನ್ ಕೆಲಸಕ್ಕೆ ಹೋಯಿತು. ಎಂಜಿನ್ ಬಿಸಿಯಾದ ಮೇಲೆ ಆಪರೇಟರ್‌ಗೆ ಒರಟು ನೆಲದ ಮೇಲೆ ಓಡಿಸಲು ಹೇಳಿದೆವು. ಎಚ್ಚರಿಕೆ ಬಂತು. ಆಪರೇಟರ್ ಮುಖದಲ್ಲಿ ಬೇಸರ, ನಮ್ಮ ಮುಖದಲ್ಲಿ ಖುಷಿ.

ಸ್ಕೋಪ್‌ನಲ್ಲಿ ಕ್ಯಾಬಿನ್ ಕಡೆ ಎರಡೂ ಗೆರೆಗಳು ಸರಿಯಾಗಿದ್ದವು, ಒಂದು 3.5ಕ್ಕೆ, ಇನ್ನೊಂದು 1.5ಕ್ಕೆ. ಎಂಜಿನ್ ಕಡೆ ಕ್ಯಾನ್ ಹೈ ಮಾಮೂಲಿನಂತೆ ಮೇಲೇರುತ್ತಿತ್ತು. ಕ್ಯಾನ್ ಲೋ ಕೆಳಗೆ ಇಳಿಯಬೇಕಾದದ್ದು, ಹೈ ಜೊತೆಗೇ ಮೇಲಕ್ಕೆ ಹೋಗುತ್ತಿತ್ತು. ಕ್ಯಾನ್ ಲೋ ನಡುವೆ ಕಡಿದು ಹೋದರೆ ಆಗುವುದೇ ಇದು. ಬಿಡಿಯಾದ ಆ ತುಂಡನ್ನು ಎಂಜಿನ್ ತುದಿಯ ಟರ್ಮಿನೇಟರ್ ಹೈ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಎರಡರ ನಡುವೆ ಅಂತರವೇ ಉಳಿಯುವುದಿಲ್ಲ, ಇಸಿಯುಗೆ ಏನೂ ಕೇಳಿಸುವುದಿಲ್ಲ.

ಕೀ ಆಫ್ ಆನ್ ಮಾಡಿದರೆ ಯಾಕೆ ಸರಿಹೋಗುತ್ತಿತ್ತು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಕ್ಯಾನ್ ಕಂಟ್ರೋಲರ್ ಸಂದೇಶ ಕಳಿಸುವಾಗ ತಪ್ಪಾದರೆ ತನ್ನ ಎಣಿಕೆಗೆ 8 ಸೇರಿಸಿಕೊಳ್ಳುತ್ತದೆ, ಸರಿಯಾಗಿ ಹೋದರೆ 1 ಕಳೆಯುತ್ತದೆ. ಎಣಿಕೆ 255 ದಾಟಿದರೆ ಬಸ್‌ನಿಂದ ತಾನೇ ಹೊರಗೆ ಹೋಗುತ್ತದೆ, ಇದಕ್ಕೆ ಬಸ್ ಆಫ್ ಅನ್ನುತ್ತಾರೆ. ಕೆಲವು ಇಸಿಯುಗಳು ಸ್ವಲ್ಪ ಹೊತ್ತಿಗೆ ತಾವಾಗಿ ವಾಪಸ್ ಬರುತ್ತವೆ, ಕೆಲವು ಕೀ ಆಫ್ ಆಗುವ ತನಕ ಸುಮ್ಮನಿರುತ್ತವೆ. ಈ ಮೆಷಿನ್‌ನದು ಎರಡನೆಯ ಜಾತಿ. ವೈರ್ ಬಿಟ್ಟುಕೊಂಡಿದ್ದು ಕ್ಷಣಮಾತ್ರ, ಆದರೆ ಎಂಜಿನ್ ಮಾತು ನಿಲ್ಲಿಸಿದ್ದು ಕೀ ಆಫ್ ಆಗುವ ತನಕ.

ಬಿಸಿ ಆರುವ ಮುಂಚೆಯೇ ಮೆಷಿನ್ ನಿಲ್ಲಿಸಿ, ಐಸೊಲೇಟರ್ ಆಫ್ ಮಾಡಿ, ಕ್ಯಾಬಿನ್‌ನಲ್ಲಿ ಮೀಟರ್ ಹಚ್ಚಿದೆವು. ಒಬ್ಬರು ಹಾರ್ನೆಸನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಬಂದರು. ಬಲ್ಕ್‌ಹೆಡ್ ಕನೆಕ್ಟರ್ ತನಕ 60. ಅಲ್ಲಿ ಕೈಯಿಟ್ಟ ಕೂಡಲೇ 120. ಬಿಟ್ಟರೆ 60. ಮತ್ತೆ ಒತ್ತಿದರೆ 120.

ಆಗ ಮಾತ್ರ ಅದನ್ನು ಬಿಚ್ಚಿದೆವು. ತುಕ್ಕು ಇರಲಿಲ್ಲ, ನೀರೂ ಇರಲಿಲ್ಲ. ಕ್ಯಾನ್ ಲೋ ಕೂರುವ ಹೆಣ್ಣು ಟರ್ಮಿನಲ್‌ನ ಬಾಯಿ ಅಗಲವಾಗಿತ್ತು. ಟಾರ್ಚ್ ಹಾಕಿ ನೋಡಿದರೆ ಒಳಗೆ ಒಂದು ಗೀರು, ಸುತ್ತ ಉಜ್ಜಾಟದ ಕಪ್ಪು ಪುಡಿ. ಹೊಸದೊಂದು ಗಂಡು ಪಿನ್ ತೆಗೆದುಕೊಂಡು ಪಕ್ಕದ ಟರ್ಮಿನಲ್‌ಗೆ ಹಾಕಿದರೆ ಹಿಡಿದುಕೊಳ್ಳುತ್ತಿತ್ತು, ಎಳೆಯುವಾಗ ಬಿಗಿ ಗೊತ್ತಾಗುತ್ತಿತ್ತು. ಇದಕ್ಕೆ ಹಾಕಿದರೆ ತನ್ನ ಭಾರಕ್ಕೇ ಜಾರಿ ಬೀಳುತ್ತಿತ್ತು. ಗೀರಿನ ಆಕಾರ ನೋಡಿದರೆ ಹಿಂದೆ ಯಾರೋ ಮಲ್ಟಿಮೀಟರ್‌ನ ದಪ್ಪ ಪ್ರೋಬ್ ಮುಂದಿನಿಂದ ತುರುಕಿ ಅಳೆದಿದ್ದಾರೆ. ಈ ದೋಷ ಹುಡುಕುವಾಗಲೇ ಆಗಿದ್ದೋ, ಮುಂಚೆಯೇ ಇತ್ತೋ, ತಿಳಿಯುವ ದಾರಿ ಇಲ್ಲ. ಅದಕ್ಕೇ ಅಳೆಯುವಾಗ ತೆಳು ಪಿನ್ ಬಳಸಿ ಹಿಂದಿನಿಂದ ಹೋಗಿ, ಇಲ್ಲವೇ ಸರಿಯಾದ ಅಡಾಪ್ಟರ್ ಹಾಕಿ ಅಂತ ಹೇಳುವುದು. ಮುಂದಿನಿಂದ ತುರುಕಿದ ಪ್ರೋಬ್ ಆ ಹೊತ್ತಿಗೆ ಅಳತೆ ಕೊಡುತ್ತದೆ, ಬಿಲ್ ಆಮೇಲೆ ಬರುತ್ತದೆ.

ರಿಪೇರಿ ದೊಡ್ಡದೇನಲ್ಲ. ಕ್ಯಾನ್ ಹೈ, ಲೋ ಎರಡಕ್ಕೂ ಹೊಸ ಟರ್ಮಿನಲ್, ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿದ್ದು. ಸೀಲ್ ಇರುವ ಹೊಸ ಟರ್ಮಿನೇಟರ್ ಆಗಲೇ ಇತ್ತು. ಡೀಸೆಲ್ ಡಬ್ಬಿ ಮಾಲೀಕರಿಗೆ ಬೇಕಿತ್ತು, ಹಾಗಾಗಿ ಜಂಪರ್ ತೆಗೆದು, ಕವಲು ವೈರನ್ನು ಗಿಡ್ಡ ಮಾಡಿ ವಾಪಸ್ ಹಾಕಿದೆವು. ಕಡೆಗೆ ಅಳತೆ: 60. ಎಂಜಿನ್ ತುದಿಯ ಟರ್ಮಿನೇಟರ್ ಕಿತ್ತರೆ 120, ಹಾಕಿದರೆ 60. ಕ್ಯಾಬಿನ್‌ನದು ಕಿತ್ತರೆ 120, ಹಾಕಿದರೆ 60. ಬಿಸಿ ಎಂಜಿನ್‌ನಲ್ಲಿ, ಅದೇ ಒರಟು ನೆಲದ ಮೇಲೆ, ಸ್ಕೋಪ್ ಹಚ್ಚಿಕೊಂಡೇ ಓಡಿಸಿದೆವು. ಕನೆಕ್ಟರ್ ಕೈಯಲ್ಲಿ ಎಳೆದಾಡಿದರೂ ಗೆರೆ ಅಲುಗಲಿಲ್ಲ. ಎರವಲು ಇಸಿಯು ತನ್ನ ಮೆಷಿನ್‌ಗೆ ಹೋಯಿತು, ಇದರದ್ದೇ ಹಳೆಯದು ಇಲ್ಲಿಗೆ ಬಂತು. ಆಮೇಲೆ ಆ ಎಚ್ಚರಿಕೆ ಬಂದಿಲ್ಲ. ಬದಲಿಸಿದ ಹಳೆಯ ಮಾನಿಟರ್ ಕೂಡ ಚೆನ್ನಾಗಿಯೇ ಇದೆ.

ಈಗ ನಮ್ಮ ಜಾಬ್ ಕಾರ್ಡ್‌ನಲ್ಲಿ ಸುಮ್ನೆ 60 ಅಂತ ಬರೆದರೆ ನಡೆಯುವುದಿಲ್ಲ. ಎಲ್ಲಿ ಅಳೆದದ್ದು, ಯಾವ ತುದಿ ಕಿತ್ತಾಗ ಎಷ್ಟಾಯಿತು ಅಂತ ಮೂರೂ ಸಂಖ್ಯೆ ಬರೆಯಬೇಕು. ಹೊರಗಿನಿಂದ ಹಾಕಿಸಿದ ಡಬ್ಬಿ ಇದೆಯೇ ಅಂತ ಮೊದಲೇ ಕೇಳುತ್ತೇವೆ. ಮಾಲೀಕರು ಮರೆತಿರುತ್ತಾರೆ, ಹಾಗಾಗಿ ಪ್ಯಾನೆಲ್ ಬಿಚ್ಚಿಯೂ ನೋಡುತ್ತೇವೆ.

ಅದೇ ಮಾಲೀಕರ ಇನ್ನಷ್ಟು ಮೆಷಿನ್‌ಗಳಲ್ಲೂ ಅದೇ ಡಬ್ಬಿ ಇತ್ತು. ಎಲ್ಲವನ್ನೂ ಅಳೆದೆವು. ಬಹುಪಾಲು 40 ಓಮ್ ತೋರಿಸಿದವು: ಕಂಪನಿಯ ಎರಡು ಟರ್ಮಿನೇಟರ್, ಜೊತೆಗೆ ಡಬ್ಬಿಯದು. ಯಾವುದರಲ್ಲೂ ದೂರು ಇರಲಿಲ್ಲ, ಜಂಪರ್ ತೆಗೆದು 60ಕ್ಕೆ ತಂದೆವು. ಒಂದು ಮಾತ್ರ ಡಬ್ಬಿ ಇದ್ದೂ ಮೊದಲೇ 60 ತೋರಿಸಿತು. ನೇರ ಅದರ ಎಂಜಿನ್ ಕಡೆಗೆ ಹೋದೆವು. ಟರ್ಮಿನೇಟರ್ ಕ್ಯಾಪ್ ಯಾವಾಗಲೋ ಕಳಚಿ ಬಿದ್ದುಹೋಗಿತ್ತು, ಹಾರ್ನೆಸ್ ತುದಿಗೆ ಯಾರೋ ಇನ್ಸುಲೇಷನ್ ಟೇಪ್ ಸುತ್ತಿದ್ದರು.